ಅಪ್‌ಡೇಟ್: ಗುಡ್ಡದ ಗಾಳಿಯಂತ್ರ ಕೊನೆಗೂ ನಿಲ್ಲದೆ ಓಡುತ್ತಿದೆ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಪೈವಳಿಕೆಯ ನಮ್ಮ ಗುಡ್ಡದಲ್ಲಿ ನಾನೇ ಕಟ್ಟಿದ ಗಾಳಿಯಂತ್ರ ಗ್ರಿಡ್-ಟೈ ಇನ್ವರ್ಟರ್‌ಗೆ (ನಮ್ಮ ಕರೆಂಟನ್ನು ಊರಿನ ವಿದ್ಯುತ್ ಲೈನಿಗೆ, ಅಂದರೆ ಗ್ರಿಡ್‌ಗೆ, ಸೇರಿಸುವ ಪೆಟ್ಟಿಗೆ) ಕೊಟ್ಟ ಕೂಡಲೇ ಸುಸ್ತಾಗಿ ನಿಲ್ಲುತ್ತದೆ ಅಂತ. ಈಗ ಸರಿಯಾಯಿತು.

ದೊಡ್ಡ ಕೆಪಾಸಿಟರ್ ಹಾಕಿದೆ, ಪ್ರಯೋಜನ ಇಲ್ಲ. ದಪ್ಪ ಕೇಬಲ್ ಎಳೆದದ್ದು ಸುಮ್ನೆ ಖರ್ಚು. ‘ನಿಮ್ಮ ಇನ್ವರ್ಟರ್ ಸೋಲಾರ್‌ನದ್ದು, ಗಾಳಿಗೆ ಆಗದು’ ಎಂದವರೇ ಗೆದ್ದರು. ಸೋಲಾರ್ ಇನ್ವರ್ಟರ್ ಹೆಚ್ಚು ಪವರ್ ಹುಡುಕುತ್ತಾ ಯಂತ್ರದ ಮೇಲೆ ಲೋಡ್ (ಹೊರೆ) ಏರಿಸುತ್ತದೆ, ರೆಕ್ಕೆಯ ವೇಗ ಬಿದ್ದುಹೋಗುತ್ತದೆ. ಇಷ್ಟು ವೋಲ್ಟೇಜಿಗೆ ಇಷ್ಟೇ ಪವರ್ ಎಂದು ಸೆಟ್ ಮಾಡಬಹುದಾದ ವಿಂಡ್ ಇನ್ವರ್ಟರ್ ತಂದೆ. ಅಷ್ಟೇ.

ಆದರೆ ಮರುದಿನವೇ ಕರೆಂಟ್ ಹೋಯಿತು! ಗ್ರಿಡ್ ಇಲ್ಲದಿದ್ದರೆ ಇನ್ವರ್ಟರ್ ತಾನೇ ಆಫ್ ಆಗುತ್ತದೆ, ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ವಾ. ಹೊರೆ ತಪ್ಪಿದ ಯಂತ್ರ ಮಳೆಗಾಳಿಗೆ ಹುಚ್ಚೆದ್ದು ತಿರುಗಿತು. 48 ವೋಲ್ಟ್ ಇದ್ದದ್ದು 110 ದಾಟಿತು. ಹೆಲಿಕಾಪ್ಟರ್ ಬಂತೆಂದು ಅಮ್ಮ ಅಂಗಳಕ್ಕೆ ಓಡಿ ಬಂದರು.

ಹಾಗಾಗಿ ಡಂಪ್ ಲೋಡ್, ಅಂದರೆ ಹೆಚ್ಚಾದ ಕರೆಂಟನ್ನು ಬಿಸಿಯಾಗಿ ಕಳೆದು ಯಂತ್ರಕ್ಕೆ ಹೊರೆ ಕೊಡುವ ವ್ಯವಸ್ಥೆ, ಬೇಕೇ ಬೇಕು. ನೀರು ಕಾಯಿಸುವ ಕಾಯಿಲ್ ಸಾಕು ಅಂದುಕೊಂಡಿದ್ದೆ. 230 ವೋಲ್ಟಿನ 1500 ವ್ಯಾಟ್ ಕಾಯಿಲ್ 60 ವೋಲ್ಟಿನಲ್ಲಿ ಎಳೆಯುವುದು ಬರೀ 100 ವ್ಯಾಟ್! ನಾಲ್ಕನ್ನು ಪ್ಯಾರಲಲ್ ಕೊಟ್ಟಿದ್ದೇನೆ. ಗ್ರಿಡ್‌ಗೆ ಸೇರಿಸಲು ಅನುಮತಿ ಮೊದಲೇ ಸಿಕ್ಕಿತ್ತು, ಅದು ಕೇಳಿದವರಿಗೆ.