ಜೋಗದ ಆಕಾಶದಲ್ಲಿ ಕಪ್ಪು ಚುಕ್ಕೆ: ನಮ್ಮ ಬಳಗದ ಗುಂಪಿನ ಜಗಳ

ಈ ಕ್ಯಾಮೆರಾ ನಾಲ್ಕು ಮನೆಯವರು ದುಡ್ಡು ಹಾಕಿ ಕೊಂಡಿದ್ದು. ಮದುವೆ, ಮುಂಜಿ, ಪ್ರವಾಸ ಅಂತ ತೀರ್ಥಹಳ್ಳಿ, ಸಾಗರ, ಶಿವಮೊಗ್ಗ ಸುತ್ತುತ್ತಲೇ ಇರುತ್ತದೆ. ಭಾನುವಾರದ ಈ ಮಾತುಕತೆಯನ್ನು ಎಲ್ಲರನ್ನೂ ಕೇಳಿಯೇ ಹಾಕಿದ್ದೇನೆ. ನಡುವೆ ಬಂದ ಶುಭೋದಯದ ಹೂಗಳನ್ನು ಮಾತ್ರ ತೆಗೆದಿದ್ದೇನೆ.

*ಸಾಗರದ ಭಾವ:* ಜೋಗದ ಫೋಟೊ ಹಾಕಿದ್ದೇನೆ, ನೋಡಿ. ರಾಜಾ ಧಾರೆಯ ಮೇಲೆ, ಆಕಾಶದಲ್ಲಿ ಕಪ್ಪು ಚುಕ್ಕೆ. ಕ್ಯಾಮೆರಾ ಹಾಳು ಮಾಡಿ ಕೊಟ್ಟವರು ಯಾರು?

*ಅತ್ತೆ:* ಹದ್ದು ಇರಬೇಕು.

*ಸಾಗರದ ಭಾವ:* ಎಲ್ಲಾ ಫೋಟೊದಲ್ಲೂ ಒಂದೇ ಜಾಗದಲ್ಲಿ ನಿಲ್ಲುವ ಹದ್ದು ಎಲ್ಲಿದೆ ಅತ್ತೆ?

*ಚಿಕ್ಕಪ್ಪ:* ನಮ್ಮನೆ ಮುಂಜಿಯಲ್ಲಿ ಅಷ್ಟು ಫೋಟೊ ತೆಗೆದೆ. ಒಂದರಲ್ಲೂ ಚುಕ್ಕೆ ಇರಲಿಲ್ಲ. ಜೋಗದ ತುಂತುರು ಒಳಗೆ ಹೋಗಿದೆ, ಅಳಿಯಂದಿರೇ. ನಿಮ್ಮಲ್ಲೇ ಆಗಿದ್ದು.

*ಸಾಗರದ ಭಾವ:* ನಾನು ಲೆನ್ಸ್ ಬಿಚ್ಚಿಯೇ ಇಲ್ಲ ಮಾವ!

*ನಾನು:* ಲೆನ್ಸ್ ಮೇಲೆ ಹನಿ ಬಿದ್ದರೆ ದೊಡ್ಡದಾಗಿ, ಮಬ್ಬಾಗಿ ಕಾಣುತ್ತದೆ. ಒರೆಸಿದರೆ ಹೋಗುತ್ತದೆ. ಇದು ಸೆನ್ಸರ್ ಮೇಲಿನ ಕಲೆ, ಅಂದ್ರೆ ಕ್ಯಾಮೆರಾ ಒಳಗೆ ಚಿತ್ರ ಮೂಡುವ ಫಲಕದ ಮೇಲಿನದು. ಚಿಕ್ಕಪ್ಪ, ಮುಂಜಿಯಲ್ಲಿ ಅಪರ್ಚರ್, ಅದೇ ಲೆನ್ಸ್‌ನ ಬೆಳಕಿನ ಕಿಂಡಿ, ಎಷ್ಟು ಇಟ್ಟಿದ್ರಿ?

*ಚಿಕ್ಕಪ್ಪ:* ಒಳಗೆ ಕತ್ತಲು. ಎಫ್/2.8.

*ಸಾಗರದ ಭಾವ:* ನಂದು ಎಫ್/22. ನೀರು ಎಳೆ ಎಳೆಯಾಗಿ ನುಣ್ಣಗೆ ಬರಲಿ ಅಂತ ಶಟರ್ ನಿಧಾನ ಮಾಡಿದ್ದೆ.

*ನಾನು:* ಅಲ್ಲೇ ಇರುವುದು ವಿಷಯ. ಎಫ್ ಅಂಕೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಧೂಳು ಕೂರುವುದು ಸೆನ್ಸರ್ ಮುಂದಿರುವ ಗಾಜಿನ ಮೇಲೆ. ಎರಡರ ನಡುವೆ ಚೂರು ಅಂತರ ಇದೆ. ಅಪರ್ಚರ್ ಅಗಲ ಇದ್ದರೆ ಬೆಳಕು ನಾನಾ ಓರೆಯಲ್ಲಿ ಬಂದು ಬೀಳುತ್ತದೆ, ಕಣದ ನೆರಳು ಹರಡಿ ಕಾಣದೇ ಹೋಗುತ್ತದೆ. ಕಿರಿದು ಮಾಡಿದರೆ ಸಣ್ಣ ಕಿಂಡಿಯಿಂದ ನೇರ ಬರುತ್ತದೆ, ನೆರಳು ಕಪ್ಪಗೆ ಬೀಳುತ್ತದೆ. ಮುಂಜಿಯಲ್ಲಿ ಕಲೆ ಕಾಣಲಿಲ್ಲ, ಅಷ್ಟೇ. ಇರಲಿಲ್ಲ ಅಂತಲ್ಲ.

*ಚಿಕ್ಕಪ್ಪ:* ಅಂದ್ರೆ ನನ್ನ ತಲೆಗೆ ಕಟ್ತಿದ್ದೀಯಾ?

*ಪುಟ್ಟಿ:* ಚಿಕ್ಕಜ್ಜ, ಅವತ್ತು ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ತೆಗೆದಿದ್ರಲ್ಲ, ಅದು ಎಫ್/11. ದೊಡ್ಡದು ಮಾಡಿ ನೋಡಿದೆ. ಚಪ್ಪರದ ಮೇಲಿನ ಆಕಾಶದಲ್ಲಿ, ಅದೇ ಮೂಲೆಯಲ್ಲಿ, ತೆಳ್ಳಗೆ ಇದೆ.

*ಸಾಗರದ ಭಾವ:* 😀😀

*ಚಿಕ್ಕಪ್ಪ:* ಹಾಗಾದ್ರೆ ನನಗೂ ಮುಂಚೆ ಆಗಿದ್ದು. ಕೊಡಚಾದ್ರಿಗೆ ಒಯ್ದವರು ಯಾರು?

(ಒಯ್ದಿದ್ದು ಅಣ್ಣ. ನೀಲಿ ಗೆರೆ ಆಗಲೇ ಬಿದ್ದಿತ್ತು. ಉತ್ತರ ಬಂದಿದ್ದು ಊಟ ಮುಗಿದ ಮೇಲೆ.)

*ಅಣ್ಣ:* ಜೀಪಿನಲ್ಲಿ ಒಂದು ಸಲ ಲೆನ್ಸ್ ಬದಲಾಯಿಸಿದೆ. ಮಂಗಟ್ಟೆ ಹಕ್ಕಿ ಎದುರಿಗೇ ಕೂತಿತ್ತು. ಬಿಡೋಕಾಗುತ್ತಾ?

*ಚಿಕ್ಕಪ್ಪ:* ಕಟ್ಟಿನಹೊಳೆ ದಾರಿ, ಬೇಸಿಗೆ, ತೆರೆದ ಜೀಪು. ಆ ಕೆಂಧೂಳಿನಲ್ಲಿ ನಾವು ಬಾಯಿ ಬಿಡಲ್ಲ. ಇವನು ಕ್ಯಾಮೆರಾ ಬಿಚ್ಚಿದ್ದಾನೆ!

*ಅಣ್ಣ:* ಲೆನ್ಸ್ ಬಿಚ್ಚಿದರೆ ಯಾರ ಕೈಯಲ್ಲಾದರೂ ಧೂಳು ಹೋಗುತ್ತೆ. ಕಂಪನಿ ತಪ್ಪೂ ಇರಬಹುದು. ನಿಕಾನ್ ಡಿ600ಕ್ಕೆ ಹೀಗೇ ಆಗಿತ್ತು.

*ನಾನು:* ಅದು 2012ರಲ್ಲಿ ಬಂದ ಮಾಡೆಲ್. ಜನ ದೂರಿ ದೂರಿ, 2014ರಲ್ಲಿ ಕಂಪನಿಯೇ ಪುಕ್ಕಟೆಯಾಗಿ ಶಟರ್ ಬದಲಿಸಿಕೊಡುವುದಾಗಿ ಹೇಳಿತು. ನಮ್ಮದು ಅದಲ್ಲ. ಸುಮ್ನೆ ಅದನ್ನ ಎಳೀಬೇಡ.

*ಚಿಕ್ಕಪ್ಪ:* ಸರಿ, ಇಲ್ಲಿಗೆ ಬರಲಿ. ಒಳಗೆ ಒಂದು ಸಲ ಊದಿ, ಪಂಚೆಯ ತುದಿಯಲ್ಲಿ ಒರೆಸಿಬಿಡ್ತೇನೆ.

*ನಾನು:* ಚಿಕ್ಕಪ್ಪಾ, ಕೈ ಮುಗಿದೆ. ಊದಿದರೆ ಎಂಜಲು ಹಾರುತ್ತದೆ. ಪಂಚೆಗೆ ಕಣ ಸಿಕ್ಕಿದರೆ ಗಾಜು ಗೀರುತ್ತದೆ. ಡಬ್ಬಿಯಲ್ಲಿ ಬರುವ ಗಾಳಿ ಸ್ಪ್ರೇ ಕೂಡ ಬೇಡ, ಅದರ ದ್ರವ ಹಾರಿ ಹೊಸ ಕಲೆ ಮಾಡುತ್ತದೆ.
ಭಾವ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಮೆನುವಿನಲ್ಲಿ ಮೊದಲು ಸೆನ್ಸರ್ ಕ್ಲೀನಿಂಗ್ ಕೊಡಿ, ಅದು ನಡುಗಿಸಿ ಧೂಳು ಉದುರಿಸುತ್ತದೆ. ಆಮೇಲೆ ಸೆನ್ಸರ್ ಮುಂದಿನ ಕನ್ನಡಿ ಮೇಲೆತ್ತಿ ಹಿಡಿಯುವ ಆಯ್ಕೆ ಒತ್ತಿ, ಲೆನ್ಸ್ ತೆಗೆದು, ಕ್ಯಾಮೆರಾ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರ್ ಹಿಸುಕಿ. ಅದರ ಮೂತಿ ಒಳಗೆ ತಾಗಬಾರದು. ನಡುವೆ ಚಾರ್ಜ್ ಮುಗಿದರೆ ಕನ್ನಡಿ ಬಿದ್ದುಬಿಡುತ್ತದೆ, ಹುಷಾರು. ಇನ್ನೊಂದು: ಫೋಟೊದಲ್ಲಿ ಮೇಲಿರುವ ಕಲೆ ಸೆನ್ಸರ್‌ನಲ್ಲಿ ಕೆಳಗಿರುತ್ತದೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದಲ್ವಾ?

*ಸಾಗರದ ಭಾವ:* ಮಾಡಿದೆ. ಎಫ್/16 ಇಟ್ಟು ಬಿಳಿ ಗೋಡೆಯನ್ನು ಮಸುಕಾಗಿ ತೆಗೆದು ನೋಡಿದೆ. ಸಣ್ಣವು ಹೋಗಿವೆ. ಆ ದೊಡ್ಡದು ಮಾತ್ರ ಅಲ್ಲಾಡಿಲ್ಲ.

*ನಾನು:* ನಮ್ಮ ಮಳೆಗಾಲದ ತೇವಕ್ಕೆ ಅಂಟಿಕೊಂಡಿರಬೇಕು. ಇನ್ನು ದ್ರವ ಹಾಕಿದ ಸ್ವಾಬ್, ಅಂದ್ರೆ ಒರೆಸುವ ಕಡ್ಡಿ ಬೇಕು, ಅದೂ ಸೆನ್ಸರ್ ಅಳತೆಯದ್ದು. ನಮ್ಮದು ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್, ಅದಕ್ಕೆ 16 ಮಿಲಿಮೀಟರ್. ಆ ಕಡೆಗೊಂದು ಎಳೆತ, ಈ ಕಡೆಗೊಂದು, ಆಮೇಲೆ ಬಿಸಾಡಬೇಕು. ನನಗಂತೂ ಕೈ ನಡುಗುತ್ತೆ. ಶಿವಮೊಗ್ಗದಲ್ಲಿ ಗೊತ್ತಿರುವವರ ಹತ್ತಿರ ಮಾಡಿಸೋಣ.

*ಚಿಕ್ಕಪ್ಪ:* ದುಡ್ಡು ಜೀಪಿನವನು ಕೊಡಲಿ.

*ಅಣ್ಣ:* ಅದು ಕೊಡಚಾದ್ರಿ ಧೂಳೇ ಅಂತ ಅದರ ಮೇಲೆ ಬರೆದಿದೆಯಾ?

*ನಾನು:* ಬರೆದಿಲ್ಲ. ನಾಲ್ಕು ಪಾಲು ಮಾಡೋಣ. ಎಫ್/22 ಇಟ್ಟವರಿಗೆ ಕಾಣುತ್ತದೆ ಅಂತ ಅವರನ್ನೇ ಹಿಡಿಯುವುದು ಯಾವ ನ್ಯಾಯ? ಇನ್ನು ಮೇಲೆ ಲೆನ್ಸ್ ಬದಲಿಸುವುದು ಒಳಗೆ ಕೂತು, ಫ್ಯಾನ್ ಆರಿಸಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಹಿಡಿದು. ಮಳೆಗಾಲದಲ್ಲಿ ಬೀರುವಿನಲ್ಲಿ ಇಡಬೇಡಿ, ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್.

*ಅತ್ತೆ:* ಹೋದ ಆಷಾಢದಲ್ಲಿ ನಾನು ಡಬ್ಬಿಯಲ್ಲೇ ಇಟ್ಟಿದ್ದೆ. ಅಕ್ಕಿ ಡಬ್ಬಿ. ತೇವ ಎಳೆಯಲಿ ಅಂತ ಅಕ್ಕಿಯೊಳಗೇ ಹುಗಿದಿದ್ದೆ.

*ಅಣ್ಣ:* ಅಕ್ಕಿಯೊಳಗಾ?!

*ನಾನು:* ಅತ್ತೆ, ಲೆನ್ಸ್ ಕೂತಿತ್ತಲ್ಲ? ಇಲ್ಲಾ ಮುಚ್ಚಳ ಆದ್ರೂ ಇತ್ತಾ?

*ಅತ್ತೆ:* ಯಾವ ಮುಚ್ಚಳ? ಡಬ್ಬಿಯದ್ದಾ?

*ಅಣ್ಣ:* ಚಿಕ್ಕಪ್ಪ, ಜೀಪಿನ ವಿಷಯ ಏನೋ ಹೇಳ್ತಿದ್ರಿ?