ಅವ್ವನ ಕಣ್ಣಿಗೆ ಇಂಜೆಕ್ಷನ್ ಶುರು ಮಾಡ್ಯಾರ, ಮುಂದುವರಿಸಬೇಕಾ ಬಿಡಬೇಕಾ?

ತೊಗರಿನಾಡು (ಕಲಬುರಗಿ)
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಅವ್ವಗ 72 ವಯಸ್ಸು. ಮೊರದಾಗ ತೊಗರಿಬ್ಯಾಳಿ ಹಸನ ಮಾಡೋವಾಗ ಹಳ್ಳು ಕಾಣವಲ್ದು, ಎದುರಿಗೆ ಕುಂತೋರ ಮಾರಿ ನಡುವ ಕಪ್ಪಗ ಕಲೆ ಬಂದಂಗ ಆಗ್ತದ, ಬಾಗಿಲ ಚೌಕಟ್ಟು ಸೊಟ್ಟ ಕಾಣ್ತದ ಅನ್ಲಾಕತ್ತಿದ್ಳು. ಮೋತಿಬಿಂದು ಅನ್ನೋಣ ಅಂದ್ರ ಅದರ ಆಪರೇಷನ್ ಮೊದಲೇ ಆಗ್ಯದ. ಓಸಿಟಿ (ಕಣ್ಣಿನ ಪರದೆಯ ಪದರ ತೋರಿಸೋ) ಸ್ಕ್ಯಾನ್ ಮಾಡಿ, ಎಎಮ್‌ಡಿ ಅಂದ್ರ ವಯಸ್ಸಾದಂಗ ಪರದೆಯ ನಡುಭಾಗ ಹಾಳಾಗೋ ರೋಗ ಅದ, ಬಲಗಣ್ಣಿಗೆ ವೆಟ್ (ಸೋರೋ ತರಹದ) ಎಎಮ್‌ಡಿ, ಎಡಗಣ್ಣಿಗೆ ಡ್ರೈ (ಸೋರದೇ ಇರೋದು) ಅಂದ್ರು. ಬಲಗಣ್ಣಿಗೆ ಒಂದು ಇಂಜೆಕ್ಷನ್ ಆಗ್ಯದ, ಫರಕ್ ಏನೂ ಕಾಣವಲ್ದು. "ಈ ವಯಸ್ಸಿನಾಗ ಸಾಕ್ ಬಿಡಪ್ಪ, ರೊಕ್ಕ ಹಾಳು" ಅಂತಾಳ. ಕಾಕಾ ಯಾವುದೋ ಹನಿ ಔಷಧ ಹೇಳ್ಯಾರ. ಏನ್ ಮಾಡ್ಲಿ?

ಬೀದರ್‌ಕೋಟೆ
ಬಿಡಬ್ಯಾಡ್ರಿ ಅಣ್ಣಾ! ನಮ್ಮ ಅಪ್ಪಾವ್ರಿಗಿ ಇದೇ ಅದ, ಹೈದರಾಬಾದಿಗಿ ಕರಕೊಂಡು ಹೋಗಿ ತೋರಿಸ್ತೀವಿ. ಒಂದರಾಗ ಫರಕ್ ಕಾಣಲಿಲ್ಲ ಅಂತ ನಿಲ್ಲಿಸೋದಲ್ಲ ಇದು. ಪರದೆ ಕೆಳಗ ಹೊಸ ರಕ್ತನಾಳ ಬೆಳದು ನೀರು, ರಕ್ತ ಸೋರ್ತದ, ಇಂಜೆಕ್ಷನ್ ಅದನ್ನ ತಡೀತದ, ಕೆಲವು ವಾರಕ್ಕ ಅದರ ಜೋರು ಇಳೀತದ, ಅದಕ್ಕೇ ಮೊದಲು ತಿಂಗಳಿಗೊಂದರಂಗ ಸಾಮಾನ್ಯ 3 ಕೊಡ್ತಾರ, ಆಮ್ಯಾಲ ಓಸಿಟಿ ನೋಡಿ ಗ್ಯಾಪ್ ಹೆಚ್ಚು ಮಾಡ್ತಾರ. ಮಧ್ಯದಾಗ ಬಿಟ್ರ ಒಳಗ ಗಾಯದ ಕಲೆ ಆಗಿ ಹೋದ ನೋಟ ವಾಪಸ್ ಬರಂಗಿಲ್ಲ. ಇದ್ದ ನೋಟ ಉಳದ್ರೂ ಔಷಧ ಕೆಲಸ ಮಾಡೇದ ಅಂತಲೇ ತಿಳೀರಿ. ಹನಿ ಹಾಕಿದ್ರ ಇದು ಹೋಗಂಗಿಲ್ಲ, ಕಾಕಾವ್ರಿಗಿ ಸಮಾಧಾನದಿಂದ ಹೇಳ್ರಿ.

ಯಾದಗಿರಿ_ಆಪ್ಟೋಮೆಟ್ರಿಸ್ಟ್
ಮೇಲಿನವರು ಸರಿ ಹೇಳ್ಯಾರ. ನನಗ ಜಾಸ್ತಿ ಚಿಂತಿ ಎಡಗಣ್ಣಿಂದು, ಯಾಕಂದ್ರ ಡ್ರೈ ಇದ್ದದ್ದು ವೆಟ್ ಆಗಬಹುದು, ಮತ್ತ ಎರಡೂ ಕಣ್ಣು ತೆಗದು ನೋಡೋವಾಗ ಒಂದರ ಕೊರತಿ ಇನ್ನೊಂದು ಮುಚ್ಚಿ ಹಾಕ್ತದ. ಚೌಕುಳಿ ಗಣಿತದ ನೋಟ್‌ಬುಕ್ಕಿನ ಒಂದು ಹಾಳಿ ನಡುವ ದಪ್ಪ ಚುಕ್ಕಿ ಇಡ್ರಿ, ಓದೋ ಚಾಳೀಸ ಹಾಕ್ಕೊಂಡು ಸುಮಾರು 30 ಸೆಂಟಿಮೀಟರ್ ದೂರ ಹಿಡದು, ಒಂದು ಕಣ್ಣು ಮುಚ್ಚಿ ಚುಕ್ಕಿನೇ ನೋಡ್ಬೇಕು. ಗೆರೆ ಹೊಸದಾಗಿ ಸೊಟ್ಟ ಆದ್ರ, ಎಲ್ಲ್ಯಾರ ಮಾಯ ಆದ್ರ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬ್ಯಾಡ್ರಿ, ತಕ್ಷಣ ಹೋಗ್ರಿ. ಮನೀ ಒಳಗ ಯಾರರ ಬೀಡಿ ಸಿಗರೇಟ್ ಸೇದ್ತಿದ್ರ ಅದು ನಿಲ್ಲಲೇಬೇಕು.

ಎಡಗಣ್ಣಿಗೆ ಏರೆಡ್ಸ್-2 ಅನ್ನೋ ವಿಟಮಿನ್ ಗುಳಿಗಿ ಬಗ್ಗೆ ಡಾಕ್ಟರ್‌ನ್ನ ಕೇಳ್ರಿ, ಲ್ಯೂಟೀನ್ 10 ಮಿಗ್ರಾಂ, ಜಿಯಾಕ್ಸಾಂಥಿನ್ 2, ಸತು, ತಾಮ್ರ, ವಿಟಮಿನ್ ಸಿ, ಇ ಇರೋದು. ನೋಟ ವಾಪಸ್ ತರಂಗಿಲ್ಲ, ಮುಂದ ಹೆಚ್ಚಾಗೋದನ್ನ ನಿಧಾನ ಮಾಡ್ತದ ಅಷ್ಟೇ. ಬೀಟಾ ಕ್ಯಾರೊಟೀನ್ ಇರೋ ಹಳೇ ಫಾರ್ಮುಲಾ ಸೇದೋರಿಗೆ ಬ್ಯಾಡ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಅದ.

ತೊಗರಿನಾಡು (ಕಲಬುರಗಿ)
ಭಾಳ ಉಪಕಾರ ಆಯ್ತ್ರಿ. ಖರ್ಚೇ ದೊಡ್ಡ ತಲೆನೋವು, ಕಡಿಮಿ ರೇಟಿಂದು ಇಲ್ಲೇನು?

ಯಾದಗಿರಿ_ಆಪ್ಟೋಮೆಟ್ರಿಸ್ಟ್
ಅದ. ಅವಾಸ್ಟಿನ್ ಅಂತ, ಮೂಲ ಕ್ಯಾನ್ಸರ್ ಔಷಧ, ಸಣ್ಣ ಡೋಸ್ ಮಾಡಿ ಕಣ್ಣಿಗೆ ಕೊಡ್ತಾರ. ಅಮೆರಿಕಾದಾಗ 2011ರಾಗ ಲುಸೆಂಟಿಸ್ (ಕಣ್ಣಿಗಂತನೇ ಮಾಡಿದ ಇಂಜೆಕ್ಷನ್, ಒಳಗಿನ ಔಷಧ ರ್‍ಯಾನಿಬಿಝುಮ್ಯಾಬ್) ಜೋಡಿ ಹೋಲಿಸಿ ನೋಡಿದಾಗ ನೋಟದ ಫಲ ಹೆಚ್ಚುಕಡಿಮಿ ಒಂದೇ ಬಂತು. ಸ್ವಚ್ಛವಾಗಿ ಡೋಸ್ ಮಾಡೋ ಆಸ್ಪತ್ರಿ ಆಗಿರ್ಬೇಕು, ಅದನ್ನ ಕೇಳ್ಕೊಳ್ರಿ. ರ್‍ಯಾನಿಬಿಝುಮ್ಯಾಬ್‌ದು ನಮ್ಮ ದೇಶದ ಬಯೋಸಿಮಿಲರ್ (ಮೂಲ ಔಷಧದಂಗೇ ಕೆಲಸ ಮಾಡೋ ಬ್ಯಾರೆ ಕಂಪನಿ ಔಷಧ) ಸೈತ ಅದಾವ.

ಬೀದರ್‌ಕೋಟೆ
ಅವ್ವಾವ್ರಿಗಿ ಇದೊಂದು ಹೇಳ್ರಿ, ಇದರಾಗ ಪೂರ್ತಿ ಕತ್ತಲಿ ಆಗಂಗಿಲ್ಲ, ಸುತ್ತಲಿನ ನೋಟ ಸಾಮಾನ್ಯವಾಗಿ ಉಳೀತದ. ಇಂಜೆಕ್ಷನ್ ಆದಮ್ಯಾಲ ಬಿಳಿ ಭಾಗದಾಗ ಕೆಂಪು ಕಲೆ ಕಂಡ್ರ ಅಂಜಬ್ಯಾಡ್ರಿ, ಆದ್ರ ನೋವು ಹೆಚ್ಚಾಗ್ಲಾಕ, ನೋಟ ಮಸುಕಾಗ್ಲಾಕ ಹತ್ತಿದ್ರ ಅವತ್ತೇ ಆಸ್ಪತ್ರಿಗಿ ಓಡ್ರಿ, ಒಳಗ ಸೋಂಕು ಆಗಿರಬಹುದು. ಮತ್ತ ಹಳೇ ಓಸಿಟಿ ರಿಪೋರ್ಟ್ ಎಲ್ಲಾ ಒಂದೇ ಫೈಲಿನಾಗ ಇಡ್ರಿ, ಡಾಕ್ಟರ್ ಬದಲಾದ್ರ ಹೋಲಿಸಿ ನೋಡ್ಲಿಕ್ಕ ಬೇಕಾಗ್ತದ.