ಕಾವಲಿಯ ಮೂಲ

ಭಾನುವಾರ ನಮ್ಮ ‘ಕೆಳಮನೆ ಬಳಗ’ ಗುಂಪಿನಲ್ಲಿ ಹೊಸ ನೀಲಿ ಪಾತ್ರೆಯ ಫೋಟೋ ಹಾಕಿದ್ದು ನನ್ನದೇ ತಪ್ಪು. ಬೀಡು ಕಬ್ಬಿಣದ್ದು, ಒಳಗೂ ಹೊರಗೂ ಎನಾಮಲ್. ಗುಂಪಲ್ಲಿ ಎಲ್ಲರೂ ಹೆಬ್ಬೆರಳು ತೋರಿಸಿದರು, ಶಾರದತ್ತೆ ಒಬ್ಬರನ್ನು ಬಿಟ್ಟು. ಅವರ ಉತ್ತರ ಬುಧವಾರ ಬೆಳಿಗ್ಗೆ 6.10ಕ್ಕೆ ಬಂತು, ಯಾರೋ ಬರೆದ ಮಾತಾಗಿ.

ಶಾರದತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) *ಎಚ್ಚರ!! ಎಚ್ಚರ!!* ಬಣ್ಣದ ಕಬ್ಬಿಣದ ಪಾತ್ರೆ ನಿಮ್ಮ ಮನೆಯಲ್ಲೂ ಇದೆಯೇ? ಅದರ ಲೇಪ ಗಾಜಿನ ಪುಡಿ!! ಹುಳಿ ಹಾಕಿದರೆ ಕರಗಿ ಕರುಳು ಸೇರುತ್ತದೆ. ನಮ್ಮ ಹಿರಿಯರು ದಡ್ಡರಲ್ಲ. ಹತ್ತು ಜನರಿಗೆ ಕಳಿಸಿ 🙏

ಶಾರದತ್ತೆ: ಯಾರನ್ನೂ ಉದ್ದೇಶಿಸಿ ಅಲ್ಲ

ಸುರೇಶ ಚಿಕ್ಕಪ್ಪ: ಮೂಲ?

ಶಾರದತ್ತೆ: ನಿನಗೆ ಯಾವಾಗಲೂ ಮೂಲದ್ದೇ ತೊಂದರೆ. ಖಾರ ಕಡಿಮೆ ಮಾಡು 😄

ಸುರೇಶ ಚಿಕ್ಕಪ್ಪ: ತಮಾಷೆ ಬೇಡ ಅಕ್ಕ. ಗಾಜು ಅನ್ನೋದು ನಿಜ. ಗಾಜಿನ ಪುಡಿ ಹಚ್ಚಿ ಸುಮಾರು 800 ಡಿಗ್ರಿಯಲ್ಲಿ ಸುಡ್ತಾರೆ, ಕರಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಅದು ಪುಡಿ ಅಲ್ಲ. ನಿನ್ನ ಉಪ್ಪಿನಕಾಯಿ ಜಾಡಿಯ ಮೇಲಿನ ಹೊಳಪು ಏನಂದ್ಕೊಂಡಿದೀಯ? ಅದೂ ಗಾಜೇ. ವರ್ಷಗಟ್ಟಲೆ ಹುಳಿ, ಉಪ್ಪು ಅದರಲ್ಲೇ ಇಡ್ತೀಯ.

ಶಾರದತ್ತೆ: ನನ್ನ ಉಪ್ಪಿನಕಾಯಿ ಸುದ್ದಿಗೆ ಬರಬೇಡ. ಹೋದ ಸಲ ಎರಡು ಬಾಟಲಿ ಒಯ್ದವನು ನೀನೇ

(ಚಿಕ್ಕಪ್ಪ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಜಾಡಿಯ ಆ ಮಾತೊಂದೇ ಇಡೀ ಫಾರ್ವರ್ಡಿಗೆ ಸಾಕಿತ್ತು. ಯಾರೂ ಓದಲಿಲ್ಲ.)

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ವಿಶ್ವೇಶ್ವರಯ್ಯನವರ ಕನಸು. ನಾನು ಅಲ್ಲಿ ಬೀಡು ಎರಕ ಹೊಯ್ದವನು. ಬೀಡಿಗೆ ಬಣ್ಣ ಯಾಕೆ? ಈಗಿನವರಿಗೆ ಅಡುಗೆಗಿಂತ ಫೋಟೋ ಮುಖ್ಯ. ಸರಳ ಬದುಕು, ಉನ್ನತ ವಿಚಾರ.

ಇನ್ನು ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ ಅಂತ ನಾನೂ ಬರೆದೆ.

ನಾನು: ದೊಡ್ಡಪ್ಪ, ಫೋಟೋಗಲ್ಲ. ಬರೀ ಕಬ್ಬಿಣದ ಬಾಣಲೆಯಲ್ಲಿ ಹುಣಸೆಹುಳಿ ಕುದಿಸಿದರೆ ಸಾರು ಕಪ್ಪಾಗಿ ಕಬ್ಬಿಣದ ರುಚಿ ಬರ್ತಿತ್ತು. ಇದರಲ್ಲಿ ಬರಲ್ಲ. ಬರಿದೇ ಕಾಯಿಸಬಾರದು, ಕಾದಿರುವಾಗ ತಣ್ಣೀರು ಸುರಿಯಬಾರದು, ಮರದ ಸೌಟೇ ಬಳಸಬೇಕು, ಅಷ್ಟೆ. ದೋಸೆಗೆ ಮಾತ್ರ ಇದು ಆಗಲ್ಲ, ಅದಕ್ಕೆ ಎಣ್ಣೆ ಕುಡಿದ ಬರೀ ಬೀಡೇ ಬೇಕು.

ಶಾರದತ್ತೆ: ಬರೀ ಕಬ್ಬಿಣದಲ್ಲಿ ಮಾಡಿದರೆ ರಕ್ತ ಆಗುತ್ತೆ. ಅದಾದರೂ ಸುಳ್ಳಾ?

ಸುರೇಶ ಚಿಕ್ಕಪ್ಪ: ಸುಳ್ಳಲ್ಲ. ಬರೀ ಕಬ್ಬಿಣದಿಂದ ಅಡುಗೆಗೆ ಸ್ವಲ್ಪ ಕಬ್ಬಿಣಾಂಶ ಇಳಿಯುತ್ತೆ, ಹುಳಿಯಿದ್ದರೆ ಇನ್ನೂ ಜಾಸ್ತಿ. ಲೇಪ ಇದ್ದರೆ ಇಳಿಯಲ್ಲ. ಆದರೆ ನೀನು ಕಳಿಸಿದ್ದರಲ್ಲಿ ಆ ಮಾತೇ ಇಲ್ಲವಲ್ಲ! ಓದಿದೀಯಾ?

ಶಾರದತ್ತೆ: ಓದದೆ ಕಳಿಸ್ತೀನಾ

(ಓದಿರಲಿಲ್ಲ. ನನಗೆ ಗೊತ್ತು, ಅವರಿಗೂ ಗೊತ್ತು.)

ಅಷ್ಟು ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಮಲಗಲು ಹೊರಟಿದ್ದ ಗುರು ಭಾವ ಬಂದರು, ಕಿತ್ತಳೆ ಬಣ್ಣದ ದೊಡ್ಡ ಪಾತ್ರೆಯ ಫೋಟೋ ಸಮೇತ.

ಗುರು ಭಾವ: ನಮ್ಮಲ್ಲೂ ಇದೆ! ಲ ಕ್ರೂಸೆ ಕಂಪನಿದು. 1925ರಲ್ಲಿ ಫ್ರಾನ್ಸಲ್ಲಿ ಶುರು ಮಾಡಿದ್ದು. ಬೆಲ್ಜಿಯಂನ ಇಬ್ಬರು, ಒಬ್ಬ ಎರಕದವನು, ಒಬ್ಬ ಎನಾಮಲಿನವನು. ಹೆಸರಿನ ಅರ್ಥ ಮೂಸೆ ಅಂತ ಅಪ್ಪ, ಲೋಹ ಕರಗಿಸೋ ಪಾತ್ರೆ. ಕರಗಿದ ಕಬ್ಬಿಣದ ಬಣ್ಣ ಅಂತಲೇ ಈ ಕಿತ್ತಳೆ. ಐದು ಕೆಜಿ ಹತ್ತಿರ ಇದೆ, ಎತ್ತೋಕೆ ನಾನೇ ಬೇಕು 😅

ದೊಡ್ಡಪ್ಪ: ಮೂಸೆ. ಒಳ್ಳೆಯ ಹೆಸರು. ಎರಕದವನು ಇದ್ದ ಅಂದ ಮೇಲೆ ಸರಿ.

ಗುರು ಭಾವ: ಆದ್ರೆ ಅಜ್ಜಿ ಕಾವಲಿ ಮುಂದೆ ಯಾವುದೂ ಇಲ್ಲ. ಬದನೆಕಾಯಿ ತೊಟ್ಟಲ್ಲಿ ಎಣ್ಣೆ ಸವರಿ ಚುಂಯ್ ಅನ್ನಿಸ್ತಿದ್ರು. ನೀರುದೋಸೆ, ಜೋನಿಬೆಲ್ಲ. ಮಳೆ. ಆ ಕಾವಲಿ ಈಗ ಎಲ್ಲಿದೆ?

ಹತ್ತು ನಿಮಿಷ ಗುಂಪು ಸ್ತಬ್ಧ.

ಶಾರದತ್ತೆ: ಕೇಳಿದೆಯಲ್ಲ ಗುರು, ಹೇಳ್ತೀನಿ. ಸುರೇಶ, ಮೂಲ ಮೂಲ ಅಂತೀಯಲ್ಲ, ಅಮ್ಮನ ಕಾವಲಿ ನಿನ್ನ ಮನೆ ಸೇರಿದ್ದು ಯಾವ ಮೂಲದಿಂದ?

ಸುರೇಶ ಚಿಕ್ಕಪ್ಪ: ಪಾಲಾದಾಗ ನೀನು ಬೇಡ ಅಂದೆ.

ಶಾರದತ್ತೆ: ಬೇಡ ಅಂದಿದ್ದು ಹಿತ್ತಾಳೆ ಹಂಡೆ. ಕಾವಲಿ ಕೇಳಿದ್ದಕ್ಕೆ ‘ಮದುವೆಯಾಗಿ ಹೋದವಳಿಗೆ ಯಾಕೆ’ ಅಂದಿದ್ದು ಯಾರು?

ದೊಡ್ಡಪ್ಪ: ಇಲ್ಲಿ ಆ ವಿಷಯ ಬೇಡ.

ಶಾರದತ್ತೆ: ನೀವೇ ಅಣ್ಣ ಅಂದಿದ್ದು

ಇಪ್ಪತ್ತೇಳು ಮೆಸೇಜು ಇದರ ಮೇಲೆಯೇ ಹೋಯಿತು. ತೆಂಗಿನಮರ ಬಂತು, ಯಾರದೋ ಉಪನಯನದ ಸೀರೆ ಬಂತು. ನೀಲಿ ಪಾತ್ರೆ ನಾಪತ್ತೆ, ಸದ್ಯ. ಆಮೇಲೆ, ಹಬ್ಬದ ಶುಭಾಶಯ ಬಿಟ್ಟರೆ ಏನೂ ಬರೆಯದ ವಾಣಿ ಚಿಕ್ಕಮ್ಮ ಬರೆದರು.

ವಾಣಿ ಚಿಕ್ಕಮ್ಮ: ಭಾವ, ಅತ್ತಿಗೆ, ಕಾವಲಿ ನಮ್ಮಲ್ಲೇ ಇದೆ. ಅದರ ತಳ ಉಬ್ಬಿದೆ, ಇಂಡಕ್ಷನ್ ಮೇಲೆ ಕೂರಲ್ಲ. ಮೂರು ವರ್ಷದಿಂದ ಅಟ್ಟದಲ್ಲಿ ತುಕ್ಕು ಹಿಡಿತಿದೆ. ಯಾರಿಗೆ ಬೇಕೋ ಬಂದು ತಗೊಂಡು ಹೋಗಿ.

ಎಲ್ಲರೂ ನೋಡಿದರು. ಯಾರೂ ಉತ್ತರಿಸಲಿಲ್ಲ. ರಾತ್ರಿ ದೊಡ್ಡಪ್ಪ ಗುಲಾಬಿ ಹೂವಿನ ‘ಶುಭರಾತ್ರಿ’ ಹಾಕಿದರು.

ದೋಸೆಗೆ ಒಂದು ಬೀಡಿನ ಕಾವಲಿ ನನಗೆ ನಿಜಕ್ಕೂ ಬೇಕಿತ್ತು. ‘ಚಿಕ್ಕಮ್ಮ, ನಮಗೆ ಕೊಡ್ತೀರಾ’ ಎಂದು ಟೈಪ್ ಮಾಡಿ ಅಳಿಸಿದೆ. ಮೇಲೆ, ಗುಂಪಿನ ಹೆಸರಿನ ಕೆಳಗೆ, ಶಾರದತ್ತೆ ಟೈಪ್ ಮಾಡುತ್ತಿದ್ದಾರೆ ಎಂದು ಬರುತ್ತಿತ್ತು, ಹೋಗುತ್ತಿತ್ತು.